ಎರಡು ಬಣ್ಣದ ಕಾಲುಗಳು

ಮೊನ್ನೆ ಕುರುಗೋಡಿನ ನನ್ನ ಹೊಲಿಗೆ ಅಂಗಡಿಗೆ ಯಾರೋ ಉದ್ದ ಕಡಿಮೆ ಮಾಡಿಸಲು ಹೊಸ ಜೀನ್ಸ್ ಪ್ಯಾಂಟ್ ತಂದರು. ಮಡಿಕೆ ಬಿಚ್ಚಿದ ಕೂಡಲೇ ನೀಲಿ ಬಣ್ಣದ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಣ್ಣನ ಅಂಗಿಯೂ ಹೀಗೇ ನಾರುತ್ತಿತ್ತು...

ಆಗ ನಾವಿಬ್ಬರೂ ಇಪ್ಪತ್ತರ ಆಸುಪಾಸಿನವರು, ಬಳ್ಳಾರಿಯ ಕೌಲ್ ಬಜಾರಿನ ಒಂದೇ ಜೀನ್ಸ್ ಕಾರ್ಖಾನೆಯಲ್ಲಿದ್ದೆವು. ಅಣ್ಣ ಬಟ್ಟೆ ಕತ್ತರಿಸುತ್ತಿದ್ದ. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಆ ತುಂಡುಗಳ ಗಂಟನ್ನು ಹೊಲಿಯುವವರ ಮನೆಗೆ ಮುಟ್ಟಿಸುತ್ತಿದ್ದೆ. ಓಣಿಗೆಲ್ಲ ನಾನು ಒಳ್ಳೆಯವನು. ನಾಲ್ಕು ಜನ ನೋಡುತ್ತಿದ್ದರೆ ಯಾರ ಕೊಡವನ್ನಾದರೂ ಹೊರುತ್ತಿದ್ದೆ. ಅಣ್ಣ ಕೆಟ್ಟವನು. ಅದೇನು ಸುಳ್ಳಲ್ಲ. ಚಿಕ್ಕಮ್ಮನೆಂಬಂತೆ ನಾವು ಖಾಲಾ ಎಂದೇ ಕರೆಯುತ್ತಿದ್ದ ಪಕ್ಕದ ಮನೆಯ ಮುದುಕಿಗೆ ಒಮ್ಮೆ ಫೋನ್ ಮಾಡಿ, ಮಗ ಗಾಡಿಯಿಂದ ಬಿದ್ದಿದ್ದಾನೆಂದು ಸುಳ್ಳು ಹೇಳಿ, ಆಕೆ ಬರಿಗಾಲಲ್ಲಿ ಓಡುವುದನ್ನು ನೋಡಿ ನಕ್ಕವನು ಅವನು.

ಖಾಲಾ ನಮ್ಮ ಕಾರ್ಖಾನೆಗೇ ಮನೆಯಲ್ಲಿ ಹೊಲಿದು ಕೊಡುತ್ತಿದ್ದರು. ಬಟ್ಟೆಯ ಒಂದು ಥಾನಿನ, ಅಂದರೆ ಸುರುಳಿಯ, ನೀಲಿ ಇನ್ನೊಂದು ಥಾನಿನದಕ್ಕೆ ಕೂಡುವುದಿಲ್ಲ. ಅದು ಗೊತ್ತಾಗುವುದು ತೊಳೆದ ಮೇಲೆ. ಅದಕ್ಕೇ ತುಂಡುಗಳಿಗೆ ನಂಬರಿನ ಚೀಟಿ ಅಂಟಿಸುತ್ತಾರೆ. ಒಂದು ದಿನ ನನ್ನ ಸೈಕಲ್ಲಿನಿಂದ ಗಂಟು ಬಿದ್ದು ಬಿಚ್ಚಿತು, ಚೀಟಿಗಳು ಕಿತ್ತುಹೋದವು. ಸಿಕ್ಕ ಹಾಗೆ ಜೋಡಿಸಿ ಖಾಲಾಗೆ ಕೊಟ್ಟುಬಿಟ್ಟೆ.

ತೊಳೆದು ಬಂದ ಪ್ಯಾಂಟುಗಳಿಗೆ ಒಂದು ಕಾಲು ಕಡುನೀಲಿ, ಇನ್ನೊಂದು ಬೂದಿ.

"ಇವು ಯಾವ ಊರಿನ ಕಾಲಿಗೆ? ಆ ಮುದುಕಿಗೆ ಇನ್ನ ಕೆಲಸ ಕೊಡಬ್ಯಾಡ್ರಿ," ಎಂದರು ಕಾರ್ಖಾನೆಯ ಸಾವ್ಕಾರರು. ನಾನು ಅಲ್ಲೇ ನಿಂತಿದ್ದೆ. ಆ ಪ್ಯಾಂಟುಗಳನ್ನು ಒಂದೊಂದಾಗಿ ಮಡಚತೊಡಗಿದೆ.

ಅಣ್ಣ ನನ್ನ ಮುಖವನ್ನೊಮ್ಮೆ ನೋಡಿದ. "ಚೀಟಿ ಕಿತ್ತಾಂವ ನಾನ ರೀ," ಎಂದ. "ಅಕಿ ಬೈಯೋದು ಕೇಳಾಕ ಮಜಾ ಬರ್ತೈತಿ."

ಯಾರೂ ಅನುಮಾನಪಡಲಿಲ್ಲ. ಖಾಲಾರ ಕೆಲಸ ಉಳಿಯಿತು, ಅಣ್ಣನದು ಹೋಯಿತು.

"ಬಾಯಿ ಮುಚ್ಕೊಂಡಿರ್ಲೇ," ಎಂದ ನನಗೆ. "ನನ್ನ ಹೆಸರು ಹೆಂಗೂ ಕೆಟ್ಟೈತಿ. ಇನ್ನೊಂದು ಕಲೆ ಹತ್ತಿದ್ರ ಕಾಣಂಗಿಲ್ಲ." ಆಮೇಲೆ ತಿಂಗಳುಗಟ್ಟಲೆ ಅವನ ಬಟ್ಟೆಯನ್ನೆಲ್ಲ ನನ್ನ ಕೈಯಲ್ಲೇ ಒಗೆಸಿಕೊಂಡ. ಖಾಲಾಗಾಗಿ ಮಾಡಿದನೋ, ನನಗಾಗಿಯೋ, ಊರನ್ನೇ ನಂಬಿಸುವ ಮೋಜಿಗೋ... ನಾನು ಕೇಳಲಿಲ್ಲ.

ಅಣ್ಣ ಸಿರುಗುಪ್ಪದ ಅಕ್ಕಿ ಗಿರಣಿಗೆ ಸೇರಿದ. ಒಂದು ಸಂಜೆ ಸಿರಿಗೇರಿಯ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು. ಅವನನ್ನು ಮಣ್ಣು ಮಾಡಿದ ದಿನ ಖಾಲಾ ನನ್ನ ತಲೆ ಸವರಿ, "ಅವ ಹೆಂಗರ ಇರ್ಲಿ, ನೀ ಬಂಗಾರ ಬೇಟಾ," ಎಂದರು. ನಾನು ಬಾಗಿ ಅವರ ಕಾಲು ಮುಟ್ಟಿದೆ.

ಮೊನ್ನೆ ಅಂಗಡಿಗೆ ಆ ಹೊಸ ಪ್ಯಾಂಟ್ ಬಂದ ಮರುದಿನ, ನಿಜ ಹೇಳಿಯೇಬಿಡಬೇಕೆಂದು ಬಳ್ಳಾರಿ ಬಸ್ಸು ಹತ್ತಿದೆ. ಖಾಲಾರ ಕಣ್ಣು ಮಂಜಾಗಿದ್ದರೂ ದನಿಯಿಂದಲೇ ನನ್ನ ಗುರುತು ಹಿಡಿದರು. "ನಿಮ್ಮಣ್ಣ ನನಗ ಭಾಳ ಅಳಿಸ್ಯಾನ," ಎನ್ನುತ್ತ ಚಹಾ ಕೈಗಿಟ್ಟರು. "ಬಂಡಲಿನ ಚೀಟಿನೂ ಬಿಡ್ಲಿಲ್ಲ ನೋಡು."

"ಹೌದ್ರಿ ಖಾಲಾ," ಎಂದೆ.

ಚಹಾ ಕುಡಿದು ಬಂದೆ. ಪ್ಯಾಂಟ್ ಇನ್ನೂ ಮಷೀನಿನ ಮೇಲೇ ಇದೆ.