ಒಮ್ಮೆಯೂ ಗೆಲ್ಲದವರ ಫೈನಲ್ಲು

ಬೂಟು ಕೊಳ್ಳಲೆಂದು ಮೊನ್ನೆ ಅಬಿಡ್ಸ್ ಪೇಟೆಗೆ ಹೋಗಿದ್ದೆ. ನನ್ನ ವಯಸ್ಸಿಗೆ ನಡಿಗೆಯೇ ಮದ್ದು ಎಂದು ಡಾಕ್ಟರು ಹೇಳಿದ್ದಾರೆ. ನಡೆಯುವುದಕ್ಕಿಂತ ಬೂಟು ಕೊಳ್ಳುವುದು ಸುಲಭವೆಂದು ಅಲ್ಲಿಂದ ಶುರು ಮಾಡಿದ್ದೆ. ಆಟದ ಸಾಮಾನಿನ ಅಂಗಡಿಯೊಳಗೆ ಕಾಲಿಡುತ್ತಲೇ ಹೊಸ ತೊಗಲಿನ ವಾಸನೆ ಬಂತು. ಗಲ್ಲಾದ ಹಿಂದೆ ದಪ್ಪ ಬೆರಳಿನ ಗ್ಲೌಸುಗಳು ತೂಗುತ್ತಿದ್ದವು. ನೋಡುತ್ತ ನಿಂತವಳಿಗೆ ಬೂಟು ಮರೆತೇ ಹೋಯಿತು, ನಮ್ಮ ವೈನಿ ನೆನಪಾದರು.

ವೈನಿ, ಅಂದರೆ ಅಣ್ಣನ ಹೆಂಡತಿ, ಬಾಗಲಕೋಟೆ ಕಡೆಯವರು. ಮದುವೆಯಾಗಿ ಕುಷಾಯಿಗೂಡದ ನಮ್ಮ ಮನೆಗೆ ಬಂದಾಗ ಅವರ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಕೆಳಗೆ ಅಂಥದೇ ಒಂದು ಗ್ಲೌಸಿತ್ತು. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದರಂತೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ: ಚೆಂಡು ತುಸು ದೊಡ್ಡದು, ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು, ಹೊಡೆದವರು ಮೂರು ಠಾವು ಮುಟ್ಟಿ ಮೊದಲಿನ ಜಾಗಕ್ಕೆ ಬಂದರೆ ಒಂದು ರನ್ನು, ಅಷ್ಟರೊಳಗೆ ಚೆಂಡು ಹಿಡಿದ ಕೈ ಮೈಗೆ ತಾಗಿದರೆ ಔಟು. ಸೊಸೆ ಪ್ಯಾಂಟು ತೊಟ್ಟು ಓಡುವುದು ಅವ್ವನಿಗೆ ಸಂಕಟ. ವೈನಿ ವಾದಿಸಲಿಲ್ಲ. ನಸುಕಿನಲ್ಲೆದ್ದು ರೊಟ್ಟಿ ಬಡಿದಿಟ್ಟು ಕಾಲೊನಿಯ ಮೈದಾನಕ್ಕೆ ಹೋಗುತ್ತಿದ್ದರು. ನೋಡನೋಡುತ್ತ ಕಾಲೊನಿಯ ಹೆಂಗಸರದೇ ಒಂದು ತಂಡವಾಯಿತು. ಎಸೆಯುವ ಕೆಲಸ ವೈನಿಯದು. ಚೆಂಡು ಕಂಡರೆ ಕಣ್ಣು ಮುಚ್ಚುತ್ತಿದ್ದ ನನ್ನನ್ನು ಬ್ಯಾಟು ಹಿಡಿದವರ ಹಿಂದೆ ಚೆಂಡು ಹಿಡಿಯಲು ಕೂರಿಸಿದರು. "ಕಣ್ಣು ಮುಚ್ಚಿದರ ನಡಿತೈತಿ, ಗ್ಲೌಸ್ ಮುಚ್ಚಬ್ಯಾಡ," ಎಂದಿದ್ದರು.

ಪ್ರತಿ ಸಲ ನಗರದ ಪಂದ್ಯಾವಳಿಯ ಕಪ್ಪು ಒಯ್ಯುತ್ತಿದ್ದ ತಂಡ ಆ ವರ್ಷ ಸೆಮಿಫೈನಲ್ಲಿನಲ್ಲೇ ಸೋತಿತು. ಉಳಿದವರು ನಾವು ಮತ್ತು ಸಿಕಂದರಾಬಾದಿನ ಟೀಚರುಗಳ ತಂಡ. ಇಬ್ಬರೂ ಆ ಕಪ್ಪನ್ನು ದೂರದಿಂದ ನೋಡಿದವರೇ. ಮೂರು ಪಂದ್ಯದಲ್ಲಿ ಎರಡು ಗೆದ್ದವರಿಗೆ ಅದು.

ಮೊದಲನೆಯದರಲ್ಲಿ ಹೇಳಿಕೊಳ್ಳಲಾರದಂತೆ ಸೋತೆವು. ಬಸ್ಸಿನಲ್ಲಿ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತ ಬಂದೆವು. ವೈನಿ ಮಾತ್ರ ಟೀಚರುಗಳ ಕ್ಯಾಪ್ಟನ್ನು ಎಂಥ ಚೆಂಡಿಗೆ ತಡವರಿಸಿದಳೆಂದು ನನ್ನಿಂದ ಕೇಳಿ ಕೇಳಿ ತಿಳಿದುಕೊಂಡರು. ಎರಡನೆಯ ಪಂದ್ಯದಲ್ಲಿ ಅಂಥದನ್ನೇ ಎಸೆದೆಸೆದು ಗೆಲ್ಲಿಸಿದರು. ಮನೆಗೆ ಬಂದಾಗ ಭುಜ ಊದಿತ್ತು. ಎಣ್ಣೆ ಕಾಯಿಸಿ ತಿಕ್ಕುತ್ತ ಅವ್ವ, ಇನ್ನು ಸಾಕು ಮಾಡು ಎಂದಳು.

"ಅರ್ಧಕ್ಕ ಬಿಡಾಂಗಿಲ್ರಿ, ಅತ್ತಿ," ಎಂದರು ವೈನಿ. ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಮೂರನೆಯ ಪಂದ್ಯಕ್ಕೆ ಅವ್ವನೇ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊರಟಳು. ಕೊನೆಯ ಸರದಿಯಲ್ಲಿ ರನ್ನು ಸಮ. ಅವರ ಕ್ಯಾಪ್ಟನ್ನು ಮೂರನೆಯ ಠಾವಿನಲ್ಲಿ ಓಡಲು ಬಗ್ಗಿ ನಿಂತಿದ್ದಳು. ಹೊಡೆದ ಚೆಂಡು ಉರುಳಿ ವೈನಿಯ ಕಾಲ ಬಳಿಗೇ ಬಂತು. ಎತ್ತಿ ನನ್ನತ್ತ ಎಸೆದರು. ಹಿಡಿದೆ, ಕಣ್ಣು ಬಿಟ್ಟೇ ಹಿಡಿದೆ. ಧೂಳಿನಲ್ಲಿ ಜಾರಿ ಬರುತ್ತಿದ್ದವಳ ತೊಡೆಗೆ ಮುಟ್ಟಿಸಿದೆ. ಅಂಪೈರು ಎರಡೂ ಕೈ ಚಾಚಿ, ಆಕೆ ಔಟಲ್ಲ ಎಂದರು. ಆ ಒಂದು ರನ್ನಿಗೆ ಎಲ್ಲ ಮುಗಿಯಿತು.

ನಮ್ಮವರು ಅಂಪೈರನ್ನು ಮುತ್ತಿಕೊಂಡರು. ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಜಗಳ. ವೈನಿ ಬಂದು ನನ್ನ ತೋಳು ಹಿಡಿದರು.

"ಆಕಿ ಕಾಲು ಮೊದಲ ಬಂದಿತ್ತು. ನಾ ನೋಡೀನಿ. ಬರ್ರಿ ಎಲ್ಲಾರೂ."

ಹೋಗಿ, ಗೆದ್ದು ಅಳುತ್ತಿದ್ದ ಆ ಕ್ಯಾಪ್ಟನ್ನಿನ ಕೈ ಕುಲುಕಿದರು. ಯಾರು ಗೆದ್ದರೆಂದು ತಿಳಿಯದ ಅವ್ವ ಎರಡೂ ತಂಡಕ್ಕೆ ಹೋಳಿಗೆ ಹಂಚಿದಳು. ಇಬ್ಬರಲ್ಲಿ ಒಮ್ಮೆಯೂ ಗೆಲ್ಲದವರೆಂದರೆ ಇನ್ನು ನಾವಷ್ಟೇ ಉಳಿದೆವು, ಬೆಳಿಗ್ಗೆ ಮೈದಾನಕ್ಕೆ ಯಾರೂ ತಡ ಮಾಡಬೇಡಿ ಎಂದು ವೈನಿ ಬಸ್ಸಿನಲ್ಲಿ ಹೇಳಿದರು.

ಕಪ್ಪು ಬಂತೇ ಎಂದು ನೀವು ಕೇಳುತ್ತೀರಿ. ಬಂತು, ನಾನು ಮದುವೆಯಾಗಿ ಕೊಂಡಾಪುರ ಸೇರಿದ ಮೇಲೆ. ಗೆದ್ದವರ ಪಟದಲ್ಲಿ ನನ್ನ ಜಾಗದಲ್ಲಿ ಪಕ್ಕದ ಮನೆಯ ತೆಲುಗು ಹುಡುಗಿ ನಗುತ್ತಿದ್ದಾಳೆ. ನನಗೆ ಹೊಟ್ಟೆಕಿಚ್ಚಿಲ್ಲವೆಂದರೆ ನಂಬಬೇಡಿ.

ಅಂಗಡಿಯಿಂದ ನೇರವಾಗಿ ಕುಷಾಯಿಗೂಡದ ಬಸ್ಸು ಹತ್ತಿದೆ. ಈ ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆದು ವೈನಿಯ ಬಲಗೈ ಸೋತಿದೆ. ದಾರಿಯುದ್ದಕ್ಕೂ ಸಮಾಧಾನದ ಮಾತು ಜೋಡಿಸಿಕೊಂಡೆ. ಹೋಗಿ ನೋಡಿದರೆ ಅವರು ಮಾಳಿಗೆಯ ಮೇಲೆ ಒಬ್ಬರೇ, ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಅದೇ ಕೈಯಿಂದ ಗೋಡೆಗೆ ಎಸೆಯುತ್ತಿದ್ದರು.

"ಗ್ವಾಡಿಗೆ ಒಗದ ಒಗದ ಬ್ಯಾಸರಾಗೇತಿ. ಅಲ್ಲಿ ಕುಂದುರು," ಎಂದರು.

ಮೊಣಕಾಲು ಲಟಕ್ಕೆಂದವು, ಕುಕ್ಕರುಗಾಲಿನಲ್ಲಿ ಕುಳಿತೆ. ಅವರ ಬಲಗೈ ಬೀಸಿತು. ಚೆಂಡು ಅರ್ಧ ದಾರಿಯಲ್ಲಿ ಬಿದ್ದು ಉರುಳಿತು. ಅವರು ನನ್ನ ಮುಖ ನೋಡಲಿಲ್ಲ, ಅದು ಬಿದ್ದ ಜಾಗ ನೋಡಿದರು. ನಾನು ಮುಂದೆ ಸರಿಯಹೋದೆ.

"ಬ್ಯಾಡ, ಅಲ್ಲೇ ಇರು," ಎಂದರು ವೈನಿ. "ನಾನ ಅಲ್ಲಿತನಾ ಮುಟ್ಟಿಸ್ತೀನಿ."

ಜೋಡಿಸಿಕೊಂಡ ಮಾತುಗಳನ್ನೆಲ್ಲ ಬಿಟ್ಟು, ಚೆಂಡನ್ನು ಅವರತ್ತ ಉರುಳಿಸಿ, ಇದ್ದಲ್ಲೇ ಕೈ ಚಾಚಿ ಕುಳಿತೆ.