ಶರ್ಬೀನಿನಿಂದ ಬಂದ ಕರೆ

ನಮ್ಮ ಇನ್ಶಿರಾಹ್ ಅತ್ತೆ ಜಗಾಜೀಗ್ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಆಪರೇಟರ್ ಆಗಿದ್ದವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಮ್ಮ ಶುಕ್ರಿಯನ್ನೂ ಸಾಕಿದ್ದು ಅವಳೇ. ಮದುವೆಯಾಗಲಿಲ್ಲ. ನೋಡಲು ಬಂದ ಗಂಡುಗಳನ್ನೆಲ್ಲ "ಇವನ ದನಿ ಸರಿಯಿಲ್ಲ" ಅಂತ ವಾಪಸು ಕಳಿಸಿದಳೆಂದು ಅಪ್ಪ ನಗುತ್ತಿದ್ದ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಫೋನ್ ರಿಂಗಾದರೆ ಎದ್ದು ಬಾಲ್ಕನಿಗೆ ಹೋಗಿಬಿಡುವಳು. ನಾನು ತಂದುಕೊಟ್ಟ ಮೊಬೈಲನ್ನು ಹಿಟ್ಟಿನ ಡಬ್ಬಿಯೊಳಗೆ ಹಾಕಿಟ್ಟಳು. ಅಷ್ಟು ವರ್ಷ ಫೋನನ್ನೇ ಕಿವಿಗೆ ಕಟ್ಟಿಕೊಂಡು ಸಾಕಾಗಿದೆ ಎಂದುಕೊಂಡಿದ್ದೆವು.

ಎಪ್ಪತ್ತೇಳನೇ ವಯಸ್ಸಿನಲ್ಲಿ, ಬಾಲ್ಕನಿಯಿಂದ ಬೀದಿಯ ಅಂಗಡಿಯವನಿಗೆ ಇಳಿಬಿಟ್ಟ ಬುಟ್ಟಿಯನ್ನು, ಅವನು ಹಾಕಿದ ರೊಟ್ಟಿಯ ಸಮೇತ ಹಗ್ಗದಲ್ಲಿ ಮೇಲಕ್ಕೆ ಎಳೆಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಮೊಸರು ತಿಂದು, ಡಾಕ್ಟರ ಕೋಟು ಇಸ್ತ್ರಿ ಕಂಡು ಎಷ್ಟು ವರ್ಷವಾಯಿತೆಂದು ಕೇಳಿದಳು. ನಾವು ನಿಶ್ಚಿಂತರಾದೆವು.

ಅಂದು ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆದ ಮೇಲೆ, ಹಾಸಿಗೆಯ ಮೇಲ್ಗಡೆ ಗೋಡೆಯಲ್ಲಿದ್ದ ಕೆಂಪು ದೀಪವನ್ನೇ ಅವಳು ದಿಟ್ಟಿಸತೊಡಗಿದಳು. ಅದು ನರ್ಸನ್ನು ಕರೆಯುವ ದೀಪ.

"ಆಗ್ಲಿಂದ ಹತ್ತಿದೆ. ಯಾರೂ ಎತ್ತೋಲ್ವಲ್ಲ," ಎಂದಳು.

"ಏನನ್ನ ಅತ್ತೆ?"

ಅವಳು ಕೈಗೆ ಚುಚ್ಚಿದ್ದ ಡ್ರಿಪ್ಪಿನ ಕೊಳವೆಯನ್ನು ಕಿತ್ತು, ಅದರ ತುದಿಯನ್ನು, ಎಕ್ಸ್‌ಚೇಂಜಿನ ಬೋರ್ಡಿಗೆ ವೈರು ಸಿಕ್ಕಿಸುವ ಹಾಗೆ, ಮಂಚದ ಕಂಬಿಯ ತೂತಿಗೆ ತುರುಕಿದಳು. ಹೊದಿಕೆಯ ಮೇಲೆಲ್ಲ ರಕ್ತ. ನಾನು ಕೂಗಿಕೊಳ್ಳುವಷ್ಟರಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ, ನಾನು ಚಿಕ್ಕಂದಿನಲ್ಲಿ ಕೇಳಿದ್ದ ಆ ನುಣುಪು ದನಿಯಲ್ಲಿ ಹೇಳಿದಳು: "ಅಲೋ, ಜಗಾಜೀಗ್. ಶರ್ಬೀನ್ ಲೈನ್, ಮಾತಾಡಿ."

ಶುಕ್ರಿ ಓಡಿಬಂದ. ಅವನಿಗೆ ವಾದ ಮಾಡುವ ಚಟ.

"ಅತ್ತೆ, ಇದು ಆಸ್ಪತ್ರೆ. ಎಕ್ಸ್‌ಚೇಂಜ್ ಕೆಡವಿ ಎಷ್ಟೋ ವರ್ಷ ಆಯ್ತು. ಅಲ್ಲೀಗ ಚಪ್ಪಲಿ ಅಂಗ್ಡಿ ಇದೆ."

ಅವಳು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಇನ್ಸ್‌ಪೆಕ್ಟರ್ ಸಾಹೇಬ್ರೇ, ಹೊಟ್ಟೆ ಬೆಳೆಸ್ಕೊಂಡು ಬಂದು ನಂಗೆ ಕೆಲಸ ಕಲಿಸ್ಬೇಡಿ. ಲೈನ್ ಮೇಲೆ ಜನ ಇದ್ದಾರೆ."

ಅವನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ತನ್ನನ್ನು ಎತ್ತಿ ಆಡಿಸಿದವಳು ತನ್ನನ್ನೇ ಗುರುತಿಸಲಿಲ್ಲವೆಂದು ಅತ್ತ.

ವಾರ್ಡಿನ ನರ್ಸ್ ರಾವಿಯಾ ಎಂಬ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿ ಹೇಳಿದಳು: "ಇದು ಸನ್ನಿ. ವಯಸ್ಸಾದೋರಿಗೆ ಆಪರೇಷನ್ ಆದ್ಮೇಲೆ ಬರುತ್ತೆ, ಹೋಗುತ್ತೆ. ವಾದ ಮಾಡ್ಬೇಡಿ, ಹೌದು ಹೌದು ಅಂತ ಕುಣೀಲೂಬೇಡಿ. ಇವತ್ತು ಯಾವ ವಾರ, ಇದು ಯಾವ ಊರು, ನೀವ್ಯಾರು, ಅದನ್ನ ನಿಧಾನಕ್ಕೆ ಹೇಳ್ತಾ ಇರಿ. ಕನ್ನಡಕ, ಕಿವಿ ಮೆಷಿನ್ ತಂದ್ಕೊಡಿ." ಕೈ ಕಟ್ಟಿಬಿಡಿ ಎಂದು ಪಕ್ಕದ ಮಂಚದವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ನಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ, ಅವಳ ಕೈಯನ್ನು ನನ್ನ ಕೈಯೊಳಗಿಟ್ಟುಕೊಂಡು ಕೂತೆ.

ಬೆಳಗಿನ ಹೊತ್ತು ಅರ್ಧಂಬರ್ಧ ಸರಿಯಿರುವಳು. ಬಿಸಿಲು ಇಳಿಯುತ್ತಿದ್ದಂತೆ ಶುರುವಾಗುವುದು. ಮೂರನೆಯ ದಿನ ಮಂಚದ ಕಾಲ್ದೆಸೆಗೆ ನೋಡುತ್ತ ನನ್ನನ್ನು ಗದರಿದಳು.

"ಆಕೆಗೊಂದು ಕುರ್ಚಿ ಕೊಡೇ. ಶರ್ಬೀನಿಂದ ನಡ್ಕೊಂಡು ಬಂದಿದ್ದಾಳೆ. ಕಾಲು ನೋಡು, ಹೇಗೆ ಊದಿದೆ."

ಅಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಕುರ್ಚಿ ಎಳೆದು ಇಟ್ಟೆ. ಇಟ್ಟ ಮೇಲೆ ಆ ಕುರ್ಚಿಯತ್ತ ನೋಡಲು ನನಗೇ ಧೈರ್ಯ ಬರಲಿಲ್ಲ. ಪಕ್ಕದ ಮಂಚದ ಹೆಂಗಸು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಹೇಳಿಕೊಂಡಳು.

ಅತ್ತೆ ಖಾಲಿ ಕುರ್ಚಿಗೆ ಹೇಳುತ್ತಿದ್ದಳು: "ಇನ್ನೂ ಬಂದಿಲ್ಲ ವಗ್ದಿಯಮ್ಮ. ಮುಂದಿನ ಗುರುವಾರ ನೋಡಿ." ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಅದೇ ದನಿ. "ಮುಂದಿನ ಗುರುವಾರ ನೋಡಿ."

ಎರಡು ದಿನ ಅವಳ ಬಾಯಿಂದ ಬಂದ ಮಾತಿನ ಚೂರುಗಳನ್ನು ಜೋಡಿಸಿದಾಗ ನನಗೆ ತಿಳಿದದ್ದು ಇಷ್ಟು. ವಗ್ದಿ ಎಂಬ ಸಿಪಾಯಿ ರಜೆ ಸಿಕ್ಕ ಗುರುವಾರಗಳಲ್ಲಿ ಎಕ್ಸ್‌ಚೇಂಜಿಗೆ ಬಂದು ಶರ್ಬೀನ್ ಹತ್ತಿರದ ತನ್ನ ಹಳ್ಳಿಗೆ ಮೂರು ನಿಮಿಷದ ಕರೆ ಹಾಕಿಸುತ್ತಿದ್ದ. ಅವನ ತಾಯಿ, ಅತ್ತೆ ವಗ್ದಿಯಮ್ಮ ಎನ್ನುತ್ತಿದ್ದವಳು, ಹಳ್ಳಿಯ ಪಟೇಲರ ಮನೆಯಲ್ಲಿ ಫೋನಿನ ಪಕ್ಕ ಕಾದಿರುತ್ತಿದ್ದಳು. ಎಪ್ಪತ್ತಮೂರರ ಅಕ್ಟೋಬರ್ ಯುದ್ಧದ ನಂತರ ಅವನು ಬರಲಿಲ್ಲ. ತಾಯಿಯೇ ಗುರುವಾರ ಗುರುವಾರ ಕರೆ ಮಾಡಿ ಕೇಳತೊಡಗಿದಳು. ನವೆಂಬರಿನಲ್ಲಿ ಅವನ ಜೊತೆಗಾರನೊಬ್ಬ ಬಂದು, ವಗ್ದಿ ತನ್ನ ಕಣ್ಣೆದುರೇ ಸತ್ತನೆಂದು ಅತ್ತೆಗೆ ಹೇಳಿದ. ಸೈನ್ಯದವರು ಅವನ ಹೆಸರನ್ನು ಕಾಣೆಯಾದವರ ಪಟ್ಟಿಯಲ್ಲಷ್ಟೇ ಬರೆದಿದ್ದರು. ಅತ್ತೆ ತಾಯಿಗೆ ಹೇಳಲಿಲ್ಲ. ಚಳಿಗಾಲವಿಡೀ "ಮುಂದಿನ ಗುರುವಾರ" ಎಂದಳು. ವಸಂತದಲ್ಲಿ ಕರೆ ನಿಂತುಹೋಯಿತು.

ಐದನೆಯ ದಿನ ಸಂಜೆ ಅವಳಿಗೆ ತುಂಬ ತಳಮಳ. ಕಿವಿ ಮೆಷಿನ್ನನ್ನು ಒತ್ತಿ ಹಿಡಿದು ನನ್ನ ಕಡೆ ಬಾಗಿದಳು.

"ಲೈನ್ ಇದೆ. ಉಸಿರು ಕೇಳ್ತಿದೆ. ಮಾತಾಡ್ತಿಲ್ಲ. ಐವತ್ತು ವರ್ಷದಿಂದ ಹೀಗೇ, ಮಾತಾಡ್ತಿಲ್ಲ."

ಆ ಉಸಿರು ನನ್ನದು. ನಾನು ಇವತ್ತು ಯಾವ ವಾರ, ಇದು ಯಾವ ಊರು ಎಂದು ಹೇಳಬೇಕಾಗಿತ್ತು. ಬಾಯಿಂದ ಬೇರೆಯೇ ಬಂತು.

"ಇದ್ದೀನಿ ಮಗಳೇ. ಹೇಳು."

ಅವಳ ಮುಖ ಹೇಗಾಯಿತೆಂದು ಹೇಳಲಾರೆ. ಕಿವಿ ಮೆಷಿನ್ನನ್ನು ಇನ್ನೂ ಒತ್ತಿ ಹಿಡಿದೇ ಅಂದಳು: "ವಗ್ದಿಯಮ್ಮ, ನಿಮ್ಮ ಮಗ ಬರೋಲ್ಲ. ನಂಗೆ ನವೆಂಬರಲ್ಲೇ ಗೊತ್ತಿತ್ತು."

"ನಂಗೂ ಗೊತ್ತಿತ್ತು ಮಗಳೇ," ಎಂದೆ. "ನಿನ್ನ ದನಿ ಕೇಳೋಕೆ ಅಂತ ಫೋನ್ ಮಾಡ್ತಿದ್ದೆ."

ಅವಳು ಸದ್ದಿಲ್ಲದೆ ಅತ್ತಳು. ಆಮೇಲೆ, "ಮೂರು ನಿಮಿಷ ಆಯ್ತು. ಕಟ್ ಮಾಡ್ಲಾ?" ಎಂದು ಕೇಳಿದಳು.

"ಮಾಡಮ್ಮ."

ಮಲಗಿದವಳು ಬೆಳಗಾಗುವವರೆಗೂ ಅಲುಗಲಿಲ್ಲ. ಏಳನೆಯ ದಿನ ಶುಕ್ರಿಯನ್ನು ಕಂಡು, "ಏನೋ ಇದು, ಗಡ್ಡ ಬಿಟ್ಟು ಯಾರನ್ನ ಹೆದರಿಸ್ತೀಯ?" ಎಂದಳು. ಸನ್ನಿ ಬಿಟ್ಟಿತ್ತು.

ಮನೆಗೆ ಬಂದು ಎರಡು ತಿಂಗಳಾದ ಮೇಲೆ, ಮುಲೂಖಿಯಾ ಸೊಪ್ಪು ಬಿಡಿಸುತ್ತ ಅವಳೇ ಮಾತು ತೆಗೆದಳು.

"ಆಸ್ಪತ್ರೆ ಪರದೇಲಿ ಸಿಪಾಯಿಗಳನ್ನ ನೋಡಿದ್ದೆ. ಅದೆಲ್ಲ ಸುಳ್ಳು, ಔಷಧಿ ಏರಿದ ತಲೆ ಆಟ. ಆದ್ರೆ ಆಕೆ ಮಾತಾಡಿದ್ದು ಸುಳ್ಳಲ್ಲ ಕಣೇ. ಗೊತ್ತಿತ್ತು ಅಂದ್ಲು. ನನ್ನ ತಲೆ ನಂಗೆ ಯಾವತ್ತೂ ಅಷ್ಟು ಸುಲಭವಾಗಿ ಮಾಫಿ ಕೊಡ್ತಿರಲಿಲ್ಲ. ಅದಕ್ಕೇ ಅದು ನಿಜ."

ಆ ದನಿ ನನ್ನದೆಂದು ಹೇಳಿಬಿಡಲು ಬಾಯಿ ತೆರೆದೆ. ಸೊಪ್ಪಿನ ಇನ್ನೊಂದು ದಂಟು ತೆಗೆದುಕೊಂಡು ಮುರಿದೆ.

"ಆಕೆ ಗೋರಿ ಹತ್ರ ಹೋಗಿ ಫಾತಿಹಾ ಓದ್ಬೇಕು. ಕರ್ಕೊಂಡು ಹೋಗು," ಎಂದಳು.

ವಾಕರ್ ಸಮೇತ ಹೋದೆವು. ಹಳ್ಳಿಯಲ್ಲಿ ಹುತಾತ್ಮ ವಗ್ದಿಯ ಮನೆಯೆಂದರೆ ಎಲ್ಲರಿಗೂ ಗೊತ್ತು. ಅವನ ತಂಗಿ ತಫೀದಾ, ಎಪ್ಪತ್ತರ ಹೆಂಗಸು, ಒಬ್ಬ ಸೊಸೆಯ ಜೊತೆ ಅಲ್ಲೇ ಇದ್ದಳು. ಅತ್ತೆಯನ್ನು ಹಜಾರದಲ್ಲಿ ಕೂರಿಸಿ, ಚಹಾಕ್ಕೆ ನೀರಿಟ್ಟಳು. ನಾನು ಅಡುಗೆಮನೆಗೆ ಹೋಗಿ ನಿಂತೆ.

"ಕೊನೇ ತನಕ ಅಮ್ಮ ನಂಬ್ಲಿಲ್ಲ," ಎಂದಳು ತಫೀದಾ. "ಸೆರೆಯಲ್ಲಿದ್ದಾನೆ, ಬರ್ತಾನೆ ಅಂತಿದ್ಲು. ಕಾಲು ಬಿದ್ದುಹೋಯ್ತು, ಪಟೇಲರ ಮನೆಗೆ ಹೋಗೋಕಾಗ್ಲಿಲ್ಲ. ಆಮೇಲೂ ಗುರುವಾರ ಬಂದ್ರೆ ನನ್ನನ್ನ ಅಟ್ಟೋಳು. ನಾನು ಹೋಗ್ತಿರಲಿಲ್ಲ, ಮೂಲೆ ತಿರುಗಿ ವಾಪಸು ಬಂದು, ಇನ್ನೂ ಬಂದಿಲ್ವಂತೆ ಅಂತಿದ್ದೆ. ಸಾಯೋ ದಿನ ಕೂಡ ಅವನಿಗೆ ಅಂತ ಬಾತುಕೋಳಿ ಎತ್ತಿಡು ಅಂದ್ಲು."

ತಟ್ಟೆಯಲ್ಲಿ ಚಹಾದ ಲೋಟಗಳನ್ನು ಜೋಡಿಸಿಕೊಂಡು ಅವಳ ಹಿಂದೆ ಬಂದೆ.

ಹಜಾರದಲ್ಲಿ ಅತ್ತೆ ತಫೀದಾಳ ಕೈ ಹಿಡಿದು ಎಲ್ಲ ಹೇಳಿದಳು. ಸುಳ್ಳು ಹೇಳಿದ್ದು, ಆಸ್ಪತ್ರೆಯಲ್ಲಿ ಕರೆ ಬಂದದ್ದು. "ನಿಮ್ಮಮ್ಮ ದೊಡ್ಡ ಮನಸ್ಸಿನವಳು. ಗೊತ್ತಿತ್ತು ಮಗಳೇ ಅಂದ್ಲು."

ತಫೀದಾ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಚಹಾದ ಲೋಟ ನೋಡಿದೆ. ಅವಳು ಅಲ್ಲಗಳೆಯಲಿಲ್ಲ. ಅತ್ತೆಯ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿದಳು.

ಗೋರಿಯ ಬಳಿ ಅತ್ತೆ ಫಾತಿಹಾ ಓದಿದಳು. ಹಿಂತಿರುಗಿ ಅವಳನ್ನು ಗಾಡಿ ಹತ್ತಿಸಿದ ಮೇಲೆ ತಫೀದಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ನಿಜ ಹೇಳಮ್ಮ. ಅಮ್ಮ ಹಾಗಂದಿದ್ದು ನೀನೂ ಕೇಳಿಸ್ಕೊಂಡ್ಯಾ? ಗೊತ್ತಿತ್ತು ಅಂತ?"

ಅವಳು ನನ್ನನ್ನು ಪರೀಕ್ಷಿಸುತ್ತಿಲ್ಲ ಎಂಬುದು ಆ ಕಣ್ಣುಗಳಲ್ಲೇ ಕಂಡಿತು. ಅವಳೂ ಅದೇ ಮಾತಿಗೆ ಕಾದಿದ್ದಳು.

"ಕೇಳಿಸ್ಕೊಂಡೆ," ಎಂದೆ.

ಅತ್ತೆ ಮತ್ತೆ ಹದಿನಾಲ್ಕು ತಿಂಗಳು ಬದುಕಿ, ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದಳು. ಮುಖದಲ್ಲಿ ನೆಮ್ಮದಿಯಿತ್ತು ಎಂದು ಕೊನೆಯ ಸ್ನಾನ ಮಾಡಿಸಿದವರು ಹೇಳಿದರು. ತಫೀದಾ ಈಗಲೂ ನನಗೆ ಫೋನ್ ಮಾಡುತ್ತಾಳೆ. ಮಕ್ಕಳ, ಬೆಲೆಯೇರಿಕೆಯ ಮಾತೆಲ್ಲ ಮುಗಿದ ಮೇಲೆ, "ಅಮ್ಮ ಏನಂದ್ಲು, ಇನ್ನೊಂದ್ಸಲ ಹೇಳು," ಎನ್ನುತ್ತಾಳೆ. ಹೇಳುತ್ತೇನೆ. ಹೇಳುವಾಗ ದನಿ ನನ್ನದಲ್ಲವೆನಿಸುತ್ತದೆ, ಒಮ್ಮೊಮ್ಮೆ.