ಒಂಬತ್ತನೇ ಸಾಲು

ವರ್ನಾ ಹಾಸ್ಕಿನ್ಸ್ ಬಾಗಿಲು ತಟ್ಟಿದರೆ ತೆರೆಯದ ಮನೆ ಗಾಲಿಮನೆಗಳ ಆ ಟ್ರೇಲರ್ ಕಾಲೊನಿಯಲ್ಲಿ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷ ವೃದ್ಧರ ಆರೈಕೆ ಮನೆಯಲ್ಲಿ ದುಡಿದವಳು ಅವಳು. ಮುದುಕರನ್ನು ಎತ್ತಿ, ಮಗ್ಗುಲು ಬದಲಿಸಿ, ತೊಳೆದು, ಕೊನೆಗೆ ಸೊಂಟ ಕಳೆದುಕೊಂಡಳು. ಆಮೇಲೆ ಸಿಕ್ಕಿದ್ದೇ ಈ ಕೆಲಸ. ಫೀನಿಕ್ಸ್ ಊರಾಚೆ ಟೈರ್ ಅಂಗಡಿಯ ಪಕ್ಕ ಒಂದು ಗೋದಾಮು, ಅದರಲ್ಲೊಂದು ದೇಹದಾನದ ಕಂಪನಿ. ಕೆಲಸದ ಜೊತೆ ವಿಮೆ ಬಂತು. ಗಂಡ ಆರ್ಲಿಸ್ ನಲವತ್ತು ವರ್ಷ ಮನೆಗಳ ಗೋಡೆ ಕಟ್ಟುತ್ತ ಕುಡಿದ ಧೂಳಿಗೆ ಶ್ವಾಸಕೋಶ ಕಲ್ಲಾಗಿತ್ತು. ಅವನ ಮೂಗಿನ ಕೊಳವೆಗೆ ಆಮ್ಲಜನಕ ಬರುತ್ತಿದ್ದುದು ಆ ವಿಮೆಯಿಂದ. ಇನ್ನು ಕೆಲಸ ಇಷ್ಟವೋ ಕಷ್ಟವೋ ಎಂದು ಯಾರು ಕೇಳುತ್ತಾರೆ?

ಸಾಯುವವರ ಮನೆಗೆ ಹೋಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳು ಹೇಳುತ್ತಿದ್ದುದು ಮೂರೇ ಮಾತು. ವಿಜ್ಞಾನಕ್ಕೆ ಉಪಕಾರವಾಗುತ್ತೆ. ಸುಡುವ ಖರ್ಚೆಲ್ಲ ನಮ್ಮದು, ನಾಲ್ಕು ವಾರದಲ್ಲಿ ಬೂದಿ ನಿಮ್ಮ ಕೈಗೆ. ಸಾಯುವವರೇ ಸಹಿ ಮಾಡಿಟ್ಟರಂತೂ ಮಕ್ಕಳು ಮರಿ ಯಾರೂ ಅದನ್ನು ಅಲ್ಲಾಡಿಸುವಂತಿಲ್ಲ. ಕೊನೆಯ ಮಾತಿಗೆ ಮುದುಕರ ಮುಖ ಅರಳುತ್ತಿತ್ತು. ಆಮೇಲೆ ಕಾಗದ. ಹದಿನಾಲ್ಕು ಸಾಲು, ಸಾಲಿಗೊಂದು ಚಿಕ್ಕ ಸಹಿ. ವರ್ನಾ ಬೆರಳಿಟ್ಟು ತೋರಿಸುತ್ತಾಳೆ: ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ. ಓದುವವರಿಲ್ಲ. ಅವಳೂ ಓದಿರಲಿಲ್ಲ, ದೇವರಾಣೆಗೂ.

ಪಕ್ಕದ ಟ್ರೇಲರಿನ ಓಪಲ್ ಕೂಡ ಗಂಡನ ಪರವಾಗಿ ಹಾಗೆಯೇ ಸಹಿ ಹಾಕಿದ್ದಳು. ಅವಳ ಗಂಡ ಡ್ವೈಟ್ ಆರ್ಲಿಸನ ಜೀವದ ಗೆಳೆಯ. ಇಬ್ಬರೂ ಮಧ್ಯಾಹ್ನವೆಲ್ಲ ಬಿಸಿಲ ಚಪ್ಪರದಡಿ ಡಾಮಿನೋ ಆಡುತ್ತ ಒಬ್ಬರನ್ನೊಬ್ಬರು ಕಳ್ಳ ಎಂದು ಬೈದುಕೊಳ್ಳುತ್ತಿದ್ದರು. ಡ್ವೈಟ್ ಸತ್ತ ನಾಲ್ಕನೇ ವಾರಕ್ಕೆ ಬೂದಿಯ ಡಬ್ಬಿಯನ್ನು ವರ್ನಾಳೇ ಓಪಲ್ ಕೈಗಿಟ್ಟಿದ್ದಳು, ಇಬ್ಬರೂ ಅಪ್ಪಿಕೊಂಡು ಅತ್ತಿದ್ದರು.

ಅದಾಗಿ ಹತ್ತು ದಿನಕ್ಕೆ ಖಾಲಿ ಫಾರಂ ತರಲೆಂದು ವರ್ನಾ ಗೋದಾಮಿನ ಹಿಂದಿನ ಕೋಣೆಗೆ ಹೋದಳು. ತಣ್ಣನೆಯ ಪೆಟ್ಟಿಗೆಯೊಂದು ಪಾರ್ಸೆಲ್ ಹೋಗಲು ಸಿದ್ಧವಾಗಿತ್ತು. ಮೇಲಿನ ಚೀಟಿಯಲ್ಲಿ ‘ಭುಜ, ಎಡ’, ಕೆಳಗೆ ಬೇರೆ ರಾಜ್ಯದ ಯಾವುದೋ ವಿಳಾಸ, ಮೂಲೆಯಲ್ಲೊಂದು ನಂಬರು. ಆ ನಂಬರನ್ನು ಡ್ವೈಟನ ಮಣಿಕಟ್ಟಿಗೆ ಕಟ್ಟಿದವಳು ಅವಳೇ. ಫಾರಂ ಮರೆತು ನೇರ ಮುಂದಿನ ಕೋಣೆಗೆ ನಡೆದಳು.

“ಅವರ ಹೆಂಡತಿಗೆ ನಾನೇ ಬೂದಿ ಕೊಟ್ಟು ಬಂದೆನಲ್ಲಾ!” ಎಂದಳು ಮಾಲೀಕ ಲೈಲ್‌ನ ಎದುರು ನಿಂತು.

“ಅದೂ ಅವರದೇ,” ಎಂದ ಲೈಲ್, ಕಾಫಿ ಕಪ್ಪಿನಿಂದ ತಲೆ ಎತ್ತದೆ. “ಉಳಿದಿದ್ದನ್ನ ಸುಟ್ಟು ಕೊಟ್ವಿ. ಪೂರ್ತಿ ಮನುಷ್ಯ ಅಂತ ಎಲ್ಲಾದ್ರೂ ಬರ್ದಿದೀವಾ? ಒಂಬತ್ತನೇ ಸಾಲು ಓದಿ ವರ್ನಾ. ನಿಮ್ಮ ಓಪಲ್ಲೇ ಸಹಿ ಹಾಕಿದಾರೆ.”

ಓದಿದಳು. ಭಾಗಗಳಾಗಿ, ಬೇಕಾದವರಿಗೆ, ತಕ್ಕ ಶುಲ್ಕಕ್ಕೆ. ಎಲ್ಲ ಇತ್ತು, ಇರುವೆ ಕಾಲಿನಂಥ ಅಕ್ಷರದಲ್ಲಿ. ಬಿಟ್ಟು ಹೋಗೋಣವೆಂದರೆ ಆರ್ಲಿಸನ ಉಸಿರು. ಓಪಲ್‌ಗೆ ಹೇಳೋಣವೆಂದರೆ, ಓಪಲ್ ಸುಮ್ಮನಿರುವ ಜಾತಿಯವಳೇ? ಮರುದಿನವೇ ಗೋದಾಮಿನ ಮುಂದೆ ಹೋಗಿ ಕೂಗಾಡುತ್ತಾಳೆ, ವರ್ನಾಳ ಕೆಲಸ ಹೋಗುತ್ತದೆ. ಅವಳು ತೆಪ್ಪಗಾದಳು.

ಆ ಶನಿವಾರ ಆರ್ಲಿಸ್ ಅವಳನ್ನು ಹಾಸಿಗೆಯ ಬಳಿ ಕರೆದ. ಮುಖದಲ್ಲಿ ತುಂಟ ನಗು.

“ನಿಂಗೊಂದು ತಲೆನೋವು ಕಮ್ಮಿ ಮಾಡಿದೀನಿ ಕಣೇ. ನಿಮ್ಮ ಲೈಲ್‌ಗೆ ನಾನೇ ಫೋನ್ ಮಾಡ್ದೆ. ಬಂದು ಸಹಿ ಮಾಡಿಸ್ಕೊಂಡು ಹೋದ. ನಾನು, ಡ್ವೈಟು, ಇಬ್ರೂ ವಿಜ್ಞಾನಿಗಳು ಈಗ!”

ಅವನೇ ಮಾಡಿದ ಸಹಿ. ಇನ್ನು ಅದನ್ನು ಅಳಿಸಬಲ್ಲವನು ಅವನೊಬ್ಬನೇ, ಅದೂ ಉಸಿರಿರುವಷ್ಟು ದಿನ.

ಎರಡು ದಿನ ಒದ್ದಾಡಿ ಕೊನೆಗೆ ಎಲ್ಲ ಹೇಳಿದಳು. ಭುಜ, ಚೀಟಿ, ಒಂಬತ್ತನೇ ಸಾಲು. ಆರ್ಲಿಸ್ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಆಮ್ಲಜನಕದ ಯಂತ್ರ ಗುರುಗುಡುತ್ತಿತ್ತು.

“ಓಪಲ್‌ಗೆ ಗೊತ್ತಾ?”

“ಇಲ್ಲ.”

“ಅವಳಿಗೆ ಹೇಳು ಮೊದ್ಲು. ಆಮೇಲೆ ನನ್ ಕಾಗದ ಹರಿಯೋಣ.”

“ನಿನ್ನ ಪೈಪಿನ ಗತಿ ಏನೋ, ದಡ್ಡ? ಕೆಲಸ ಹೋದ್ರೆ?”

“ಎಷ್ಟು ದಿನದ ಪೈಪು ಕಣೇ ಇದು,” ಎಂದ ಆರ್ಲಿಸ್. “ಹೋಗಿ ಹೇಳು.”

ಹೋದಳು. ಓಪಲ್ ಡಬ್ಬಿಯನ್ನು ಟಿ.ವಿ. ಮೇಲಿಟ್ಟು ಅದಕ್ಕೆ ಡ್ವೈಟನ ಟೋಪಿ ತೊಡಿಸಿದ್ದಳು. ವರ್ನಾ ಕೂರುವ ಮೊದಲೇ ಅದನ್ನೆತ್ತಿ ಅವಳ ಕೈಗೆ ಕೊಟ್ಟಳು.

“ನೋಡೇ, ಎಷ್ಟು ಹಗುರ! ನಲವತ್ತು ವರ್ಷ ನನ್ನ ಮಂಚ ಬಗ್ಗಿಸ್ದೋನು, ಈಗ ಸಕ್ಕರೆ ಡಬ್ಬಿಯಷ್ಟೂ ಇಲ್ಲ. ಬೇರೆ ಯಾರಾದ್ರೂ ತಂದ್ಕೊಟ್ಟಿದ್ರೆ ನಂಬ್ತಿರ್ಲಿಲ್ಲ ನಾನು. ನೀನು ತಂದಿದ್ದಕ್ಕೆ ನಂಬ್ದೆ.”

ವರ್ನಾ ಡಬ್ಬಿಯನ್ನು ಹಿಂದಕ್ಕೆ ಕೊಟ್ಟು, ಓಪಲ್ ಕೊಟ್ಟ ಕಾಫಿ ಕುಡಿದು, ಬಿಸಿಲು ಜಾಸ್ತಿಯಾಯಿತೆಂದು ಮಾತಾಡಿ ಎದ್ದು ಬಂದಳು.

“ಹೇಳ್ದ್ಯಾ?” ಎಂದ ಆರ್ಲಿಸ್.

“ಹೇಳ್ದೆ.”

ಅಷ್ಟು ಸಲೀಸಾಗಿ ಸುಳ್ಳು ಬಂತು. ಬೇರೆ ದಾರಿ ಎಲ್ಲಿತ್ತು? ಅವನು ಕಾಗದ ರದ್ದು ಮಾಡಿದರೆ ಸಾಕಿತ್ತು ಅವಳಿಗೆ.

ಆರ್ಲಿಸ್ ಅವಳ ಕೈ ಹಿಡಿದು ಒತ್ತಿದ. ಅವನ ಕಣ್ಣಲ್ಲಿ ನೀರಿತ್ತು. “ನನ್ ಹುಡುಗಿ ನೀನು. ಗೊತ್ತಿತ್ತು ನಂಗೆ. ರದ್ದು ಮಾಡೋಕೆ ಹೊರಗಿನ ಸಾಕ್ಷಿ ಬೇಕಲ್ವಾ? ಓಪಲ್‌ನ ಕರಿ. ಅವಳೆದುರೇ ಸಹಿ ಹಾಕ್ತೀನಿ. ಡ್ವೈಟ್ ವಿಷಯಕ್ಕೆ ಒಂದು ಕ್ಷಮೆನೂ ಕೇಳ್ಬೇಕು.”

“ಬೇರೆ ಯಾರಾದ್ರೂ ಆಗ್ಬಹುದು ಕಣೋ. ಟೈರ್ ಅಂಗಡಿಯವರು—”

“ಓಪಲ್ಲೇ ಆಗ್ಬೇಕು. ಕರಿ.”

“ಅವಳು ಅಳ್ತಾ ಇದಾಳೆ ಈಗ,” ಎಂದಳು ವರ್ನಾ. “ನಾಳೆ ಕರೀತೀನಿ.”

ನಾಳೆ ಬಂತು. ಓಪಲ್ ಅಂಗಡಿಗೆ ಹೋಗಿದ್ದಾಳೆ ಎಂದಳು. ನಾಡಿದ್ದೂ ಬಂತು. ಓಪಲ್‌ಗೆ ತಲೆನೋವಂತೆ ಎಂದಳು. ಕಿಟಕಿಯಾಚೆ ಇಪ್ಪತ್ತು ಹೆಜ್ಜೆಗೆ ಓಪಲ್ ಬಟ್ಟೆ ಒಣಹಾಕುತ್ತ ಹಾಡಿಕೊಳ್ಳುತ್ತಿದ್ದಳು. ಮನೆಯೊಳಗಿನ ಯಂತ್ರದ ಗುರುಗುಟ್ಟುವಿಕೆಯಲ್ಲಿ ಆ ಹಾಡು ಆರ್ಲಿಸನಿಗೆ ಕೇಳಲಿಲ್ಲ. ಬಾಗಿಲ ಸದ್ದಾದಾಗಲೆಲ್ಲ ಅವನು ತಲೆ ಎತ್ತಿ ನೋಡುತ್ತಿದ್ದ, ಪೆನ್ನು ದಿಂಬಿನ ಪಕ್ಕದಲ್ಲೇ ಇತ್ತು.

ಗುರುವಾರ ಬೆಳಗಿನ ಹತ್ತಕ್ಕೆ ಅವನ ಉಸಿರು ನಿಂತಿತು.

ಸಾವು ಬರೆದುಕೊಳ್ಳಲು ಬಂದ ನರ್ಸು ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಹನ್ನೊಂದೂವರೆಗೆ ಕಂಪನಿಯ ಬಿಳಿ ವ್ಯಾನು ಬಂತು. ಇಳಿದ ಇಬ್ಬರೂ ದಿನಾ ಬೆಳಿಗ್ಗೆ ಅವಳು ಮಾಡಿದ ಕಾಫಿ ಕುಡಿಯುವವರು. ಟೋಪಿ ತೆಗೆದು ನಿಂತರು. “ಕೊಡಲ್ಲ,” ಎಂದಳು ವರ್ನಾ. ಒಬ್ಬ ನೆಲ ನೋಡಿದ. ಇನ್ನೊಬ್ಬ ಮೆಲ್ಲಗೆ, “ಅವರೇ ಸಹಿ ಮಾಡಿದಾರಲ್ಲ ವರ್ನಾ. ನಿಮಗೆ ಗೊತ್ತಿಲ್ದೇ ಇರೋದು ಏನಿದೆ,” ಎಂದು ಒಳಗೆ ಹೋದ.

ಓಪಲ್ ಏದುಸಿರು ಬಿಡುತ್ತ ಓಡಿ ಬಂದಳು, ಕೈಯಲ್ಲಿ ಬಿಸಿ ಹುರುಳಿಕಾಯಿ ಪಲ್ಯದ ಪಾತ್ರೆ. ಅದನ್ನು ಮೆಟ್ಟಿಲ ಮೇಲಿಟ್ಟು ವರ್ನಾಳನ್ನು ಬಾಚಿ ತಬ್ಬಿಕೊಂಡಳು. ಅವರ ಪಕ್ಕದಲ್ಲೇ ಆರ್ಲಿಸನ ಗಾಲಿಮಂಚ ಹಾದುಹೋಯಿತು.

“ಅಳ್ಬೇಡ ಕಣೇ,” ಎಂದಳು ಓಪಲ್, ಅವಳ ಬೆನ್ನು ನೀವುತ್ತ. “ನಾಲ್ಕು ವಾರ ಅಷ್ಟೇ. ಪೂರ್ತಿಯಾಗಿ ವಾಪಸ್ ಬರ್ತಾನೆ ನಿನ್ ಆರ್ಲಿಸ್, ನನ್ ಡ್ವೈಟ್ ಬಂದ ಹಾಗೆ. ನೀನೇ ಅಲ್ವಾ ನಂಗೆ ಹೇಳಿದ್ದು?”

ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು.

“ಹೂಂ,” ಎಂದಳು ವರ್ನಾ. “ನಾನೇ ಹೇಳಿದ್ದು.”